ರಾತ್ರಿ ಎರಡೂವರೆಗೆ ಹೋದ 'ವಿಷಾದ': ಎಐ ಸಂದರ್ಶಕಿಯ ಜೊತೆ 14 ತಿಂಗಳು

ಕೆಲಸಕ್ಕೆ ಅರ್ಜಿ ಹಾಕಿದವರನ್ನು ಫೋನಿನಲ್ಲೇ ಮಾತಾಡಿಸಿ ಅಂಕ ಕೊಡುವ ಎಐ ಸೇವೆಯೊಂದಕ್ಕೆ ನಾನು ಕೊಡುವುದು ಮೂರು ಸ್ಟಾರ್. ನಾಲ್ಕನೇ ತಿಂಗಳಲ್ಲಿ ಬರೆದಿದ್ದರೆ ಐದು ಕೊಡುತ್ತಿದ್ದೆ, ಐದನೇ ತಿಂಗಳಲ್ಲಿ ಬರೆದಿದ್ದರೆ ಒಂದೂ ಕೊಡುತ್ತಿರಲಿಲ್ಲ. ಈಗ ಸಿಟ್ಟು ಇಳಿದಿದೆ. ಸೇವೆಯ ಹೆಸರು ಹಾಕುತ್ತಿಲ್ಲ. ಹಾಕಿದರೆ ಅವರ ಸಪೋರ್ಟ್ ಹುಡುಗ ನಾಳೆ ಬೆಳಗ್ಗೆಯೇ ಫೋನ್ ಮಾಡುತ್ತಾನೆ, ಪಾಪ, ಅವನದೇನೂ ತಪ್ಪಿಲ್ಲ. ಇಂಥವು ಈಗ ಹತ್ತಾರಿವೆ. ನಾನು ಕಂಡದ್ದು ನಿಮ್ಮ ಕೈಲಿರುವುದರಲ್ಲೂ ಇರಬಹುದು, ಒಮ್ಮೆ ಸೆಟ್ಟಿಂಗ್ಸ್ ತೆರೆದು ನೋಡಿಕೊಳ್ಳಿ.

ನನ್ನದು ಮೈಸೂರಿನಲ್ಲಿ ಮನೆಯ ಮಹಡಿ ಮೇಲೆ ಒಂದೇ ಕೋಣೆಯ ಕಂಪನಿ. ಕನ್ನಡ ಆಡಿಯೊ ಕೇಳಿ ಅಕ್ಷರಕ್ಕಿಳಿಸುವುದು, ವಿಡಿಯೊಗಳಿಗೆ ಸಬ್‌ಟೈಟಲ್ ಹಾಕುವುದು, ಬೇರೆಯವರು ಇಳಿಸಿದ್ದನ್ನು ತಿದ್ದುವುದು. ಕೋಣೆಯಲ್ಲಿ ಕೂರುವವರು ನಾನು ಮತ್ತು ಲೆಕ್ಕಪತ್ರ ನೋಡುವ ಒಬ್ಬ ಹುಡುಗಿ. ಉಳಿದ 22 ಮಂದಿ ಅವರವರ ಮನೆಯಿಂದಲೇ ಕೆಲಸ ಮಾಡುತ್ತಾರೆ. ಯಲ್ಲಾಪುರ, ಹೊಸನಗರ, ಗೋಕಾಕ, ಸಿಂಧನೂರು, ಒಬ್ಬರು ದುಬೈ. ಇಬ್ಬರನ್ನು ಬಿಟ್ಟರೆ ಯಾರ ಮುಖವನ್ನೂ ನಾನು ಎದುರಾಬದುರು ಕೂತು ನೋಡಿಲ್ಲ. ಹೆಚ್ಚಿನವರು ಮದುವೆ, ಮಗು ಅಂತ ಕೆಲಸ ಬಿಟ್ಟ ಹೆಂಗಸರು. ಸಂಬಳ ಆಡಿಯೊ ನಿಮಿಷದ ಲೆಕ್ಕದಲ್ಲಿ. ಒಂದು ಗಂಟೆಯ ಮಾತನ್ನು ಸರಿಯಾಗಿ ಇಳಿಸಲು ನಾಲ್ಕು ಗಂಟೆಯಾದರೂ ಬೇಕು, ನಾಲ್ಕು ಜನ ಒಟ್ಟಿಗೆ ಮಾತಾಡಿದ್ದರೆ ಆರು. ಈ ಕೆಲಸಕ್ಕೆ ಬೇಕಾದ್ದು ಕಿವಿ, ತಾಳ್ಮೆ, ಮತ್ತೆ ಒತ್ತಕ್ಷರ ನುಂಗದ ಬೆರಳು.

ಮೊದಲೆಲ್ಲ 'ಮನೆಯಿಂದ ಕೆಲಸ, ಕನ್ನಡ ಟೈಪಿಂಗ್ ಬಲ್ಲವರು ಬೇಕು' ಅಂತ ಎರಡು ಸಾಲು ಹಾಕಿದರೆ ಎರಡು ದಿನದಲ್ಲಿ ನಾನೂರು ವಾಟ್ಸ್‌ಆ್ಯಪ್ ಮೆಸೇಜು ಬರುತ್ತಿದ್ದವು. ಅರ್ಧಕ್ಕರ್ಧ ಒಂದೇ ಪ್ರಶ್ನೆ: 'ರಿಜಿಸ್ಟ್ರೇಷನ್ ಫೀಸ್ ಎಷ್ಟು ಮೇಡಂ?' ಮನೆಯಲ್ಲೇ ಕೂತು ದಿನಕ್ಕೆ ಸಾವಿರಾರು ರೂಪಾಯಿ ಸಂಪಾದಿಸಿ ಅಂತ ಡೆಪಾಸಿಟ್ ಕಟ್ಟಿಸಿಕೊಂಡು ಮಾಯವಾಗುವವರು ಊರೂರಲ್ಲೂ ಆಟ ಆಡಿದ್ದಾರೆ. ಹಾಗಾಗಿ ಫೀಸ್ ಇಲ್ಲ ಅಂದರೆ ಜನಕ್ಕೆ ಇನ್ನೂ ಹೆಚ್ಚು ಅನುಮಾನ. ದಿನಕ್ಕೆ ಮೂವತ್ತು ಫೋನು ಮಾಡಿ ಗಂಟಲು ಕೂತು, ಅದರಲ್ಲಿ ಇಬ್ಬರು ಸಿಕ್ಕರೆ ಪುಣ್ಯ. ಹೆಂಗಸರಿಗೆ ಫೋನ್ ಮಾಡುವ ಹೊತ್ತೂ ಒಂದು ಸಮಸ್ಯೆ. ಬೆಳಗ್ಗೆ ತಿಂಡಿ, ಮಧ್ಯಾಹ್ನ ಅತ್ತೆ ಮಲಗಿರುತ್ತಾರೆ, ಸಂಜೆ ಮಕ್ಕಳ ಹೋಂವರ್ಕ್. 'ಆಮೇಲೆ ಮಾಡ್ತೀನಿ ಮೇಡಂ' ಅಂದವರು ಮತ್ತೆ ಸಿಗುವುದಿಲ್ಲ.

ಬೆಂಗಳೂರಿನ ಐಟಿ ಕಂಪನಿಯಲ್ಲಿರುವ ಅಕ್ಕನ ಮಗ ಈ ಎಐ ಸಂದರ್ಶಕಿಯನ್ನು ಹಾಕಿಸಿಕೊಟ್ಟ. ತಿಂಗಳಿಗೆ 40 ಸಂದರ್ಶನಕ್ಕೆ 6,500 ರೂಪಾಯಿ, ಮೇಲೆ ಜಿಎಸ್‌ಟಿ. ನನ್ನ ವಹಿವಾಟಿಗೆ ಅದು ಸಣ್ಣ ದುಡ್ಡಲ್ಲ, ಕರೆಂಟ್ ಬಿಲ್ಲು ಮತ್ತು ಇಂಟರ್ನೆಟ್ಟು ಸೇರಿದರೂ ಅಷ್ಟಾಗುವುದಿಲ್ಲ. ಏನೇನು ಮಾಡುತ್ತದೆ ಅನ್ನುವುದನ್ನು ಅವರ ಜಾಹೀರಾತಿನಲ್ಲೇ ನೋಡಿರುತ್ತೀರಿ. ಲಿಂಕ್ ಕಳಿಸಿದರೆ ಅಭ್ಯರ್ಥಿಯ ಫೋನಿನಲ್ಲಿ ಒಂದು ಹೆಣ್ಣು ದನಿ ಕನ್ನಡದಲ್ಲಿ ಆರು ಪ್ರಶ್ನೆ ಕೇಳುತ್ತದೆ. ಉತ್ತರಗಳು ರೆಕಾರ್ಡ್ ಆಗಿ, ಅಕ್ಷರಕ್ಕಿಳಿದು, ಐದು ಸಾಲಿನ ಸಾರಾಂಶವಾಗಿ, ಕೊನೆಗೆ ನೂರಕ್ಕೆ ಇಷ್ಟು ಅಂತ ಅಂಕವಾಗಿ ನನ್ನ ಮುಂದೆ ಬಂದು ನಿಲ್ಲುತ್ತವೆ.

ಜಾಹೀರಾತಿನಲ್ಲಿ ಹೇಳದೇ ಇದ್ದ ಸುಖವೊಂದಿತ್ತು. ಜನ ಯಾವ ಹೊತ್ತಿಗೆ ಸಂದರ್ಶನ ಕೊಡುತ್ತಾರೆ ಅನ್ನುವುದು. ರಾತ್ರಿ ಹತ್ತೂವರೆ, ಹನ್ನೊಂದು ಕಾಲು. ಪಾತ್ರೆ ತೊಳೆದಿಟ್ಟು, ಮಕ್ಕಳನ್ನು ಮಲಗಿಸಿ, ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಪಿಸುದನಿಯಲ್ಲಿ ಉತ್ತರ ಹೇಳುತ್ತಾರೆ. ನಾನು ಹಗಲು ಫೋನ್ ಮಾಡಿದಾಗ 'ಹೂಂ ಮೇಡಂ, ಸರಿ ಮೇಡಂ' ಬಿಟ್ಟು ಬೇರೆ ಮಾತೇ ಹೊರಡದಿದ್ದ ಜನ ಇವರು. ಯಂತ್ರದ ಮುಂದೆ ಇವರಿಗೆ ಸಂಕೋಚ ಕಡಿಮೆ. 'ಕೆಲಸ ಯಾಕೆ ಬಿಟ್ಟಿರಿ?' ಅಂತ ಅದು ಕೇಳಿದರೆ ನನಗೆ ಯಾವತ್ತೂ ಹೇಳದಷ್ಟು ಉದ್ದ ಹೇಳುತ್ತಾರೆ. ಒಬ್ಬರಂತೂ ಮೊದಲ ಪ್ರಶ್ನೆಗೂ ಮುಂಚೆ 'ಊಟ ಆಯ್ತಾ ಮೇಡಂ?' ಅಂತ ವಿಚಾರಿಸಿದರು. ಯಂತ್ರ 'ನಿಮ್ಮ ಉತ್ತರಕ್ಕೆ ಧನ್ಯವಾದಗಳು, ಮುಂದಿನ ಪ್ರಶ್ನೆಗೆ ಹೋಗೋಣ' ಅಂದಿತು.

ಇದನ್ನು ಕೇಳುವುದೇ ನನಗೊಂದು ವ್ರತದ ಹಾಗಾಯಿತು. ಬೆಳಗ್ಗೆ ಐದೂಮುಕ್ಕಾಲಿಗೆ ಎದ್ದು ಡಿಕಾಕ್ಷನ್ ಇಳಿಯುವುದಕ್ಕೆ ಇಟ್ಟು, ಒಂದೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತೇನೆ. ಇನ್ನೊಂದು ಕಿವಿ ಹಾಲಿನವನಿಗೆ ಮೀಸಲು. ಹುರುಳಿಕಾಯಿ ನಾರು ತೆಗೆಯುತ್ತಾ ರಾತ್ರಿ ಬಂದ ಮೂರೋ ನಾಲ್ಕೋ ರೆಕಾರ್ಡಿಂಗ್ ಕೇಳುತ್ತೇನೆ, ವೇಗ ಒಂದೂಕಾಲು, ಅದಕ್ಕಿಂತ ಹೆಚ್ಚಿಟ್ಟರೆ ಕುಂದಾಪುರದವರ ಮಾತು ನನಗೆ ಹತ್ತುವುದಿಲ್ಲ. ಪಕ್ಕದಲ್ಲಿ ಉದ್ದನೆಯ ನೋಟ್‌ಬುಕ್ಕು, ಪೆನ್ಸಿಲ್ಲು. ಚೆನ್ನಾಗಿ ಕೇಳಿಸಿಕೊಂಡು ಉತ್ತರ ಕೊಟ್ಟರೆ ಕಿವಿಯ ಚಿತ್ರ, ಪ್ರಶ್ನೆ ಬಿಟ್ಟು ಬೇರೇನೋ ಹೇಳಿದರೆ ಗಾಳಿಪಟ. ಹಿಂದುಗಡೆ ತಗಡಿನ ಮೇಲೆ ಮಳೆ ಬೀಳುತ್ತಿದ್ದರೆ ಮಲೆನಾಡು, ಮಧ್ಯೆ ಫ್ಯಾನು ಗಿರಗಿರ ಅಂದರೆ ರಾಯಚೂರು ಕಡೆ. ಒಮ್ಮೊಮ್ಮೆ ಮುಜುಗರವೂ ಆಗುತ್ತದೆ. 'ಈ ಮಾತುಕತೆ ರೆಕಾರ್ಡ್ ಆಗುತ್ತದೆ' ಅಂತ ಶುರುವಿನಲ್ಲೇ ಅದು ಹೇಳುತ್ತದೆ, ಅವರು 'ಒಪ್ಪಿಗೆ' ಒತ್ತಿರುತ್ತಾರೆ, ನಿಜ. ಆದರೆ ಅವರು ಒಪ್ಪಿದ್ದು ಸಂದರ್ಶನಕ್ಕೆ. ಗಂಡ ಹಿಂದಿನಿಂದ 'ಯಾರ ಜೊತೆ ಮಾತು ಈ ಹೊತ್ತಲ್ಲಿ?' ಅಂದದ್ದು ನನ್ನ ಕಿವಿಗೆ ಬೀಳಲಿ ಅಂತ ಒಪ್ಪಿರಲಿಲ್ಲವಲ್ಲ.

ಹೀಗೆ ನಾಲ್ಕು ತಿಂಗಳು. ಹೊಸದಾಗಿ ಐದು ಜನ ಸೇರಿದರು. ಗೆಳತಿಯರಿಗೆಲ್ಲ ಇದನ್ನು ಹೊಗಳಿದ್ದೆ, ಇಬ್ಬರು ಕೊಂಡೂ ಬಿಟ್ಟರು.

ಐದನೇ ತಿಂಗಳು ಒಬ್ಬ ಹೆಣ್ಣುಮಗಳು ವಾಟ್ಸ್‌ಆ್ಯಪ್ ಮಾಡಿದಳು. ಯಲ್ಲಾಪುರದ ಹತ್ತಿರದ ಹಳ್ಳಿ. 'ಮೇಡಂ, ಒಂದು ಕೇಳ್ಲಾ? ಬೇಜಾರಾಗಬೇಡಿ. ನಂಗೆ ರಾತ್ರಿ ಎರಡೂವರೆಗೆ ರಿಜೆಕ್ಟ್ ಅಂತ ಮೆಸೇಜ್ ಬಂತು. ಅಷ್ಟು ಹೊತ್ತಲ್ಲಿ ನೀವು ಎದ್ದಿದ್ರಾ?'

ನಾನು ಎದ್ದಿರಲಿಲ್ಲ. ನನಗೆ ಆ ಹೆಸರೇ ಗೊತ್ತಿರಲಿಲ್ಲ. ಹುಡುಕಿದರೆ ಅಂಥದ್ದೇ ಇನ್ನೂ ಇದ್ದವು, 'ಆರ್ಕೈವ್' ಅನ್ನುವ ಒಂದು ಮೂಲೆಯಲ್ಲಿ, ಒಟ್ಟು 61. ಅರವತ್ತಕ್ಕಿಂತ ಕಡಿಮೆ ಅಂಕ ಬಂದವರನ್ನು ನನ್ನ ಕಣ್ಣಿಗೇ ಬೀಳಿಸದೆ, ನನ್ನ ಹೆಸರಿನಲ್ಲೇ 'ವಿಷಾದಿಸುತ್ತೇವೆ' ಅಂತ ಪತ್ರ ಕಳಿಸಿಬಿಡುವ ಒಂದು ಗುಂಡಿ ಮೊದಲ ದಿನದಿಂದಲೇ ಆನ್ ಆಗಿತ್ತು. ನಾನು ಆನ್ ಮಾಡಿದ್ದಲ್ಲ, ಬರುವಾಗಲೇ ಹಾಗೆ. ನಾನು ದಿನಾ ಬೆಳಗ್ಗೆ ಕಾಫಿ ಕುಡಿಯುತ್ತಾ ಎಲ್ಲರ ದನಿ ಕೇಳುತ್ತಿದ್ದೇನೆ ಅಂದುಕೊಂಡಿದ್ದೆ. ಕೇಳುತ್ತಿದ್ದದ್ದು ಅದು ಸೋಸಿಕೊಟ್ಟದ್ದನ್ನು.

ಆ ಭಾನುವಾರ ಅಡುಗೆ ಮಾಡಲಿಲ್ಲ. ಹೋಟೆಲಿನಿಂದ ಇಡ್ಲಿ ತರಿಸಿ, 61ನ್ನೂ ಕೇಳಲು ಕೂತೆ, ಮುಗಿದಾಗ ಮಂಗಳವಾರ.

ಯಲ್ಲಾಪುರದ ಹುಡುಗಿಗೆ ಬಂದಿದ್ದ ಅಂಕ 47. ಭಾಷೆಗೆ ಚೆನ್ನಾಗಿಯೇ ಕೊಟ್ಟಿತ್ತು, ಕೆಲಸದ ತಿಳಿವಳಿಕೆಗೂ ಕೊಟ್ಟಿತ್ತು, 'ಆತ್ಮವಿಶ್ವಾಸ' ಅನ್ನುವ ಕಾಲಮ್ಮಿನಲ್ಲಿ ಮಾತ್ರ ನೂರಕ್ಕೆ ಹನ್ನೊಂದು. ರೆಕಾರ್ಡಿಂಗ್ ಹಾಕಿದೆ. ಜುಲೈ ತಿಂಗಳ ಮಳೆ, ಅವಳ ಮನೆಯಲ್ಲಿ ಅಂಗಳದ ಒಂದು ಮೂಲೆಗೆ ಹೋದರೆ ಮಾತ್ರ ಎರಡು ಕಡ್ಡಿ ಸಿಗ್ನಲ್ ಸಿಗುತ್ತದಂತೆ, ಕೊಡೆ ಹಿಡಿದು ನಿಂತು ಮಾತಾಡಿದ್ದಾಳೆ. ಪ್ರಶ್ನೆ ಅವಳಿಗೆ ತಲುಪುವುದಕ್ಕೆ ಎರಡು ಸೆಕೆಂಡು, ಅವಳ ಉತ್ತರ ಅಲ್ಲಿಗೆ ತಲುಪುವುದಕ್ಕೆ ಇನ್ನೆರಡು. ಅದರ ಮೇಲೆ ಅವಳದು ಯೋಚಿಸಿ ಮಾತಾಡುವ ಸ್ವಭಾವ. ಆ ಮೌನವನ್ನೆಲ್ಲ ಯಂತ್ರ ಗಂಟು ಕಟ್ಟಿ ಹೆದರಿಕೆಯ ಲೆಕ್ಕಕ್ಕೆ ಬರೆದುಕೊಂಡಿತ್ತು. ಎರಡು ಕಡೆ 'ಅಭ್ಯರ್ಥಿ ಉತ್ತರಿಸಲಿಲ್ಲ' ಅಂತ ಷರಾ. ಉತ್ತರಿಸಿದ್ದಳು, ಅದು ಕಾಯಲಿಲ್ಲ.

ಹಾಗಾದರೆ ತೊಂಬತ್ತರ ಮೇಲೆ ತೆಗೆದುಕೊಂಡವರು ಯಾರು ಅಂತ ತಿರುಗಿ ನೋಡಿದೆ. ತಮಾಷೆ ಇದ್ದದ್ದು ಅಲ್ಲಿ. ಮೊದಲ ಸಲ ಕೇಳಿದಾಗಲೇ 'ಏನು ಓದಿಕೊಂಡಿದ್ದಾರಪ್ಪ' ಅನ್ನಿಸಿದ್ದವರೆಲ್ಲ ಅಲ್ಲಿದ್ದರು. 'ವಿವರಗಳ ಕಡೆಗಿನ ನನ್ನ ಸೂಕ್ಷ್ಮ ಗಮನವು ನನ್ನ ಪ್ರಮುಖ ಸಾಮರ್ಥ್ಯವಾಗಿದೆ.' ಇದೇ ವಾಕ್ಯ, ಅಕ್ಷರ ಬದಲಿಲ್ಲದೆ, ಬೇರೆ ಬೇರೆ ಜಿಲ್ಲೆಯ ಒಂಬತ್ತು ಜನರ ಬಾಯಲ್ಲಿ! ಯಾವ ತಾಯಿ ಹೆತ್ತ ಕನ್ನಡಿಗರು ಹೀಗೆ ಮಾತಾಡುತ್ತಾರೆ? ಪಕ್ಕದಲ್ಲಿ ಇನ್ನೊಂದು ಫೋನು ಇಟ್ಟುಕೊಂಡು, ಚಾಟ್‌ಜಿಪಿಟಿಯೋ ಅಂಥದ್ದೇ ಇನ್ನೊಂದೋ ಬರೆದುಕೊಟ್ಟದ್ದನ್ನು ಓದಿದ್ದಾರೆ. ಓದುವಾಗ ಯಾರೂ ತಡವರಿಸುವುದಿಲ್ಲ. ತಡವರಿಸದಿದ್ದರೆ ಇದಕ್ಕೆ ಆತ್ಮವಿಶ್ವಾಸ. ಒಂದು ಯಂತ್ರ ಬರೆದ ಉತ್ತರಕ್ಕೆ ಇನ್ನೊಂದು ಯಂತ್ರ ನೂರಕ್ಕೆ ತೊಂಬತ್ತಮೂರು ಕೊಟ್ಟು ಬೆನ್ನು ತಟ್ಟಿತ್ತು, ಮಧ್ಯದಲ್ಲಿ ದುಡ್ಡು ಕಟ್ಟುತ್ತಿದ್ದವಳು ನಾನು. ಆ ಒಂಬತ್ತರಲ್ಲಿ ಇಬ್ಬರನ್ನು ನಾನೇ ಕೆಲಸಕ್ಕೂ ತೆಗೆದುಕೊಂಡಿದ್ದೆ. ಒಬ್ಬರು ಹದಿನೈದು ದಿನದಲ್ಲಿ ತಾವೇ ಬಿಟ್ಟರು. ಇನ್ನೊಬ್ಬರು ಕಳಿಸಿದ ಫೈಲಿನಲ್ಲಿ 'ಅಡಿಕೆ ಕೊಳೆ' ಹೋಗಿ 'ಅಡುಗೆ ಕೋಳಿ' ಆಗಿತ್ತು.

ಇಷ್ಟೇ ಆಗಿದ್ದರೆ ಒಂದು ಗುಂಡಿಯ ಕಥೆ ಅಂತ ಬಿಡಬಹುದಿತ್ತು. ಗೋಕಾಕದ ಒಬ್ಬರ ರೆಕಾರ್ಡಿಂಗ್ ಕೇಳಿದ ಮೇಲೆ ಬಿಡಲಾಗಲಿಲ್ಲ. ನನ್ನ ತವರು ಗದಗ, ಅದಕ್ಕೇ ಹೊಳೆಯಿತು, ಬರೀ ಮೈಸೂರಿನವಳಾಗಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ. ಅವರು ಹೇಳಿದ್ದು: 'ಐದ್ ವರ್ಷ ಇದ ಕೆಲ್ಸ ಮಾಡೇನ್ರಿ.' ಐದು ವರ್ಷ ಇದೇ ಕೆಲಸ ಮಾಡಿದ್ದೇನೆ ಅಂತ. ಸಾರಾಂಶದಲ್ಲಿ ಇದ್ದದ್ದು: 'ಅಭ್ಯರ್ಥಿಗೆ ಅನುಭವವಿಲ್ಲ. ಮುಂದೆ ಐದು ವರ್ಷ ಈ ಕೆಲಸ ಮಾಡಬಹುದು ಎಂದು ಹೇಳುತ್ತಾರೆ.' ಪುಸ್ತಕದ ಕನ್ನಡದಲ್ಲಿ 'ಮಾಡೇನು' ಅಂದರೆ ಮಾಡಿದರೂ ಮಾಡಬಹುದು ಅಂತ ತಾನೇ? ಯಂತ್ರ ವ್ಯಾಕರಣ ಓದಿಕೊಂಡಿತ್ತು, ಗೋಕಾಕಕ್ಕೆ ಹೋಗಿರಲಿಲ್ಲ. ಒಬ್ಬ ಹೆಂಗಸಿನ ಐದು ವರ್ಷದ ದುಡಿಮೆ ಒಂದು 'ಏನ್ರಿ'ಯಲ್ಲಿ ಅಳಿಸಿಹೋಗಿತ್ತು. ನಾವು ಮಾಡುವ ಕೆಲಸವಾದರೂ ಎಂಥದ್ದು ನೋಡಿ: ಯಂತ್ರಗಳಿಗೆ ಊರೂರಿನ ಕನ್ನಡ ಕಲಿಸಲು ಬೇಕಾಗುವ ಪಠ್ಯವೂ ನಮ್ಮಂಥವರ ಕೈಯಿಂದಲೇ ಹೋಗುತ್ತದೆ.

ಅಕ್ಕನ ಮಗನಿಗೆ ಫೋನ್ ಮಾಡಿ ಬೈದೆ. ಅವನು ಸಮಾಧಾನ ಮಾಡುವುದು ಬಿಟ್ಟು ಓದುವುದಕ್ಕೆ ಲಿಂಕು ಕಳಿಸಿದ, ಈ ಕಾಲದ ಮಕ್ಕಳೇ ಹೀಗೆ. ಓದಿದೆ. ಅಮೆಜಾನ್ ಕಂಪನಿಯೇ 2014ರಿಂದ ಅರ್ಜಿ ಸೋಸುವ ಇಂಥದ್ದೊಂದನ್ನು ಕಟ್ಟಿ, ಕೊನೆಗೆ ಕೈಬಿಟ್ಟಿತ್ತು. 2018ರ ಅಕ್ಟೋಬರಿನಲ್ಲಿ ರಾಯಿಟರ್ಸ್ ಅದನ್ನು ಬಯಲು ಮಾಡಿತು. ಹತ್ತು ವರ್ಷದ ಹಳೆಯ ಅರ್ಜಿಗಳಿಂದ ಕಲಿತದ್ದು, ಅವು ಹೆಚ್ಚಾಗಿ ಗಂಡಸರವು, ಹಾಗಾಗಿ ಅರ್ಜಿಯಲ್ಲಿ 'ಮಹಿಳಾ' ಅನ್ನುವ ಪದ ಕಂಡರೆ, ಮಹಿಳೆಯರದೇ ಆದ ಎರಡು ಕಾಲೇಜುಗಳ ಹೆಸರು ಕಂಡರೆ ಅಂಕ ಇಳಿಸುತ್ತಿತ್ತಂತೆ. ನನ್ನ ಎದೆ ಧಸಕ್ಕೆಂದಿತು, ನಮ್ಮಲ್ಲಿ ಅರ್ಜಿ ಹಾಕುವವರಲ್ಲಿ ಮೈಸೂರಿನ ಮಹಾರಾಣಿ ಕಾಲೇಜಿನಲ್ಲಿ ಓದಿದವರೇ ಎಷ್ಟೋ ಜನ. ತಾಳೆ ನೋಡಿದೆ, ನನ್ನದರಲ್ಲಿ ಆ ರೋಗ ಕಾಣಲಿಲ್ಲ.

ಮಾತು ಕೇಳಿಸಿಕೊಳ್ಳುವ ವಿಷಯದಲ್ಲಂತೂ ಇಂಗ್ಲಿಷಿನ ಕಥೆಯೂ ನೆಟ್ಟಗಿಲ್ಲ. ಐದು ದೊಡ್ಡ ಅಮೆರಿಕನ್ ಕಂಪನಿಗಳ ಯಂತ್ರಗಳನ್ನು ಸ್ಟ್ಯಾನ್‌ಫರ್ಡ್‌ನವರು ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಿಳಿಯರು ಮಾತಾಡಿದರೆ ನೂರು ಪದಕ್ಕೆ ಸರಾಸರಿ 19 ತಪ್ಪು, ಕಪ್ಪು ಜನ ಮಾತಾಡಿದರೆ 35. ಅಷ್ಟು ದುಡ್ಡು, ಅಷ್ಟು ದತ್ತಾಂಶ ಇರುವ ಭಾಷೆಯ ಪಾಡೇ ಇದಾದರೆ ನಮ್ಮ ಗೋಕಾಕ, ಕುಂದಾಪುರದ್ದು ಏನು ಹೇಳುವುದು. ಯುರೋಪಿನಲ್ಲಿ ಕೆಲಸಕ್ಕೆ ಜನ ಆರಿಸುವ ಎಐಯನ್ನು ಹೆಚ್ಚು ಅಪಾಯದ್ದು ಅಂತ ಕಾನೂನಿನಲ್ಲೇ ಪಟ್ಟಿ ಮಾಡಿದ್ದಾರೆ. ಕೆಲಸದ ಜಾಗದಲ್ಲಿ ಮುಖ, ದನಿ ನೋಡಿ ಮನಸ್ಸಿನ ಭಾವನೆ ಅಳೆಯುವುದನ್ನು 2025ರ ಫೆಬ್ರುವರಿಯಿಂದ, ಚಿಕಿತ್ಸೆ, ಸುರಕ್ಷತೆಯ ಕಾರಣ ಬಿಟ್ಟರೆ, ನಿಷೇಧಿಸಿದ್ದಾರೆ. ಅಮೆರಿಕದ ಹೈರ್‌ವ್ಯೂ ಅನ್ನುವ ಕಂಪನಿ ಅಭ್ಯರ್ಥಿಯ ಮುಖಭಾವ ನೋಡಿ ಅಂಕ ಕೊಡುವುದನ್ನು ಬಿಟ್ಟಿದ್ದೇವೆ ಅಂತ 2021ರಲ್ಲೇ ಹೇಳಿತ್ತು. ಅವರು ಬಿಟ್ಟದ್ದರ ಅಣ್ಣತಮ್ಮನನ್ನು ನಾನು ತಿಂಗಳಿಗೆ ಆರೂವರೆ ಸಾವಿರ ಕೊಟ್ಟು ಮನೆಗೆ ಕರೆದುಕೊಂಡಿದ್ದೆ.

ಸಪೋರ್ಟ್ ಹುಡುಗನಿಗೆ ಹೇಳಿದೆ. 'ಮ್ಯಾಮ್, ಅದು ಮಾಡೆಲ್ ಕಡೆಯಿಂದ ಬರೋದು' ಅಂದ. ಮಾಡೆಲ್ ಯಾರು ಅಂದೆ. ನಕ್ಕ. ಒಳ್ಳೆಯ ಹುಡುಗ, ತಾನೇ ಕೂತು ಮೂರು ಸೆಟ್ಟಿಂಗ್ ಬದಲಿಸಿಕೊಟ್ಟ. ತಾನಾಗಿ ತಿರಸ್ಕರಿಸುವ ಗುಂಡಿ ಆಫ್. ಉತ್ತರಕ್ಕೆ ಕಾಯುವ ಹೊತ್ತು ನಾಲ್ಕು ಸೆಕೆಂಡಿನಿಂದ ಹದಿನೈದಕ್ಕೆ. ಪಟ್ಟಿ ಅಂಕದ ಪ್ರಕಾರ ಜೋಡಿಸುವುದರ ಬದಲು ಅರ್ಜಿ ಬಂದ ದಿನಾಂಕದ ಪ್ರಕಾರ. ಈ ಮೂರೂ ಮೊದಲೇ ಇದ್ದವು, ಮೆನುವಿನ ಒಳಗಿನ ಮೆನುವಿನ ಒಳಗೆ. ಆತ್ಮವಿಶ್ವಾಸದ ಕಾಲಮ್ಮನ್ನು ತೆಗೆಯಲು ಮಾತ್ರ ಬರುವುದಿಲ್ಲವಂತೆ. ಲ್ಯಾಪ್‌ಟಾಪಿನ ಪರದೆಯ ಮೇಲೆ ಆ ಜಾಗಕ್ಕೆ ಒಂದು ಹಳದಿ ಚೀಟಿ ಅಂಟಿಸಿದ್ದೇನೆ. ನಗಬೇಡಿ, ಕೆಲಸ ಮಾಡುತ್ತದೆ.

ರೆಕಾರ್ಡಿಂಗ್ ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಅಂತಲೂ ಕೇಳಿದ್ದೆ. 2023ರ ದತ್ತಾಂಶ ರಕ್ಷಣೆಯ ಕಾಯ್ದೆಯ ಹೆಸರು ಹೇಳಿ ಇಮೇಲ್ ಬರೆದ ಮೇಲೆ, ಕೆಲಸಕ್ಕೆ ತೆಗೆದುಕೊಳ್ಳದವರದ್ದನ್ನು 90 ದಿನಕ್ಕೆ ಅಳಿಸುತ್ತೇವೆ ಅಂತ ಲಿಖಿತವಾಗಿ ಕೊಟ್ಟರು. ಬಾಯಿಮಾತಿನಲ್ಲಿ ಬೇಡ, ನೀವೂ ಬರೆಸಿಕೊಳ್ಳಿ.

ಈ ಸೇವೆಯ ಜೊತೆಗೇ ಬರುವ ಟೈಪಿಂಗ್ ಪರೀಕ್ಷೆ ದಂಡ. ಕನ್ನಡ ಸೀನಿಯರ್ ಟೈಪಿಂಗ್ ಪಾಸಾದವರು ಎಷ್ಟೋ ಜನ ಇವತ್ತಿಗೂ ಹಳೆಯ 'ನುಡಿ' ತಂತ್ರಾಂಶದಲ್ಲಿ, ಯೂನಿಕೋಡ್ (ಈಗ ಎಲ್ಲ ಫೋನು, ಕಂಪ್ಯೂಟರಿನಲ್ಲೂ ಓದಲು ಬರುವ ಬಗೆ) ಅಲ್ಲದ ಅಕ್ಷರದಲ್ಲಿ ಹೊಡೆಯುತ್ತಾರೆ. ಅದನ್ನು ಇಲ್ಲಿ ಅಂಟಿಸಿದರೆ ಚಿತ್ರವಿಚಿತ್ರ ಚಿಹ್ನೆಗಳಾಗಿ, ಸೊನ್ನೆ ಅಂಕ. ಈಗ ನಾನೇ ಎರಡು ನಿಮಿಷದ ಆಡಿಯೊ ಕಳಿಸಿ ಬರೆಸುತ್ತೇನೆ, ಅದಕ್ಕೆ ದುಡ್ಡೂ ಕೊಡುತ್ತೇನೆ.

ಪ್ರಶ್ನೆಗಳನ್ನೂ ಬದಲಿಸಿದೆ. 'ನಿಮ್ಮ ಸಾಮರ್ಥ್ಯಗಳೇನು' ಅಂದರೆ ಫೋನು ನೋಡಿ ಓದುತ್ತಾರೆ. 'ನಿಮ್ಮ ಮನೆಯಿಂದ ಬಸ್ ಸ್ಟಾಪಿಗೆ ಹೇಗೆ ಹೋಗಬೇಕು ಹೇಳಿ' ಅಂದರೆ ಓದುವುದಕ್ಕೆ ಏನೂ ಇರುವುದಿಲ್ಲ. ಆಮೇಲೆ ಗಲಾಟೆ ಇರುವ ಹತ್ತು ಸೆಕೆಂಡಿನ ಸಂತೆಯ ಆಡಿಯೊ ಹಾಕಿ, ಏನು ಕೇಳಿಸಿತು ಅಂತ ಕೇಳುತ್ತದೆ. ಈ ಎರಡರಲ್ಲೇ ನನಗೆ ಬೇಕಾದ ಮುಕ್ಕಾಲು ಪಾಲು ಗೊತ್ತಾಗುತ್ತದೆ. ಬಸ್ ಸ್ಟಾಪಿನ ದಾರಿಯಂತೂ ಬೆಳಗಿನ ಹೊತ್ತು ಕೇಳುವುದಕ್ಕೆ ಎಷ್ಟು ಚೆಂದ: ಹಲಸಿನ ಮರ ದಾಟಿ, ಭಟ್ಟರ ಗದ್ದೆಯ ಬದುವಿನ ಮೇಲೆ, ಸಾಬರ ಅಂಗಡಿ ಎಡಕ್ಕೆ ಬಿಟ್ಟು.

ತಿರಸ್ಕೃತ 61ರಲ್ಲಿ ಹನ್ನೆರಡು ಜನರಿಗೆ ನಾನೇ ಫೋನ್ ಮಾಡಿ ಕ್ಷಮೆ ಕೇಳಿದೆ. ನಾಲ್ವರು ಅಷ್ಟರಲ್ಲಿ ಬೇರೆ ಕಡೆ ಸೇರಿಕೊಂಡಿದ್ದರು, ಒಬ್ಬರು ಚೆನ್ನಾಗಿ ಬೈದರು. ಮೂವರು ನಮ್ಮಲ್ಲಿಗೆ ಬಂದರು. ಯಲ್ಲಾಪುರದವಳು ಅವರಲ್ಲೊಬ್ಬಳು. ಈಗ ಹೊಸಬರ ಫೈಲುಗಳನ್ನು ತಿದ್ದುವವಳು ಅವಳೇ, ನಿಧಾನ, ಆದರೆ ಅವಳ ಕೈಯಿಂದ ಹೋದ ಫೈಲು ಗಿರಾಕಿಯಿಂದ ವಾಪಸ್ ಬಂದದ್ದಿಲ್ಲ. ಗೋಕಾಕದವರು ಉತ್ತರ ಕರ್ನಾಟಕದ ಆಡಿಯೊಗಳೆಲ್ಲವನ್ನೂ ನೋಡಿಕೊಳ್ಳುತ್ತಾರೆ. ಅವರಿಗೆ ಆ ಸಾರಾಂಶ ಓದಿ ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕು, 'ಅಕ್ಕಾರ, ಅದಕ್ಕ ಒಂದ್ ವಾರ ನಮ್ಮನಿಗೆ ಕಳಸ್ರಿ, ರೊಟ್ಟಿ ಹಾಕಿ ಕಲಸ್ತೀನಿ' ಅಂದರು.

ಕೊಳ್ಳಬೇಕಾ ಅಂತ ಕೇಳುವವರಿಗೆ: ತಿಂಗಳಿಗೆ ಹತ್ತು ಜನರನ್ನೂ ನೋಡದವರಿಗೆ ಬೇಡ, ಫೋನೇ ಸಾಕು. ನನ್ನ ಹಾಗೆ ಮುಖ ಕಾಣದ ಊರುಗಳಿಂದ ಜನ ಬೇಕಿದ್ದರೆ, ಅವರಿಗೆ ಅನುಕೂಲವಾದ ಹೊತ್ತಲ್ಲಿ ಮಾತಾಡಿಸಿ ರೆಕಾರ್ಡ್ ಮಾಡಿಕೊಡುವ ಈ ಒಂದು ಸೌಲಭ್ಯಕ್ಕೆ ದುಡ್ಡು ಕೊಡಬಹುದು. ಅಂಕಕ್ಕೆ ಕೊಡಬೇಡಿ. ಇದರಿಂದ ನನ್ನ ಸಮಯ ಉಳಿಯಿತೇ ಅಂದರೆ, ಈಗ ಎಲ್ಲರದನ್ನೂ ನಾನೇ ಕೇಳುವುದರಿಂದ ಅಷ್ಟೇನೂ ಇಲ್ಲ. ಗಂಟಲು ಉಳಿದಿದೆ. ಮುಂದಿನ ತಿಂಗಳು ನವೀಕರಣ, ಈ ಸಲ 20 ಸಂದರ್ಶನದ ಚಿಕ್ಕ ಪ್ಲಾನಿಗೆ ಇಳಿಯುತ್ತಿದ್ದೇನೆ.

ಮೊನ್ನೆಯ ಒಂದು ರೆಕಾರ್ಡಿಂಗ್ ಹೇಳಿ ಮುಗಿಸುತ್ತೇನೆ. ರಾತ್ರಿ 11.10, ತೀರ್ಥಹಳ್ಳಿ ಕಡೆಯವರು. ಕೊನೆಯಲ್ಲಿ ಯಂತ್ರ ಎಂದಿನಂತೆ 'ನಿಮಗೆ ಕೇಳಲು ಏನಾದರೂ ಪ್ರಶ್ನೆಗಳಿವೆಯೇ?' ಅಂತು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಈ ಹೊತ್ತಲ್ಲೂ ಕೆಲಸದಲ್ಲಿದೀರಲ್ಲ, ನೀವೂ ಮನೆಯಿಂದಲೇ ಮಾಡೋದಾ ಮೇಡಂ? ಮಕ್ಕಳು ಮಲಗಿದ್ವಾ?' ಅಂದರು.

'ಒಳ್ಳೆಯ ಪ್ರಶ್ನೆ. ಈ ಕುರಿತು ನಮ್ಮ ತಂಡ ನಿಮ್ಮನ್ನು ಸಂಪರ್ಕಿಸುತ್ತದೆ' ಅಂದಿತು ಯಂತ್ರ. ತಂಡ ಅಂದರೆ ನಾನೇ. ಬೆಳಗ್ಗೆ ಹತ್ತಕ್ಕೆ ಫೋನ್ ಮಾಡಿ, ಅದು ಯಂತ್ರ ಅಂತ ಹೇಳಬೇಕೋ ಬೇಡವೋ ಅಂತ ಯೋಚಿಸುತ್ತಿರುವಾಗಲೇ, ಹಿಂದೆ ಕುಕ್ಕರ್ ಮೂರನೇ ಸಲ ಕೂಗಿತು. 'ಒಂದು ನಿಮಿಷ ಮೇಡಂ, ಆರಿಸಿ ಬಂದೆ' ಅಂತ ಆಕೆ ಹೋದರು. ನಾನು ಕಾದೆ.